'ಇಂಗ್' ಹಚ್ಚುವ ಮೊದಲು

'ಐ ಆಮ್ ಹ್ಯಾವಿಂಗ್ ಫೀವರ್' ಅಂದರೆ ತಪ್ಪಾ ಸರ್? ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಂಥದೊಂದು ಪ್ರಶ್ನೆ ಇಲ್ಲದ ವಾರವಿಲ್ಲ. ಜ್ವರದ ಜಾಗದಲ್ಲಿ ಕಾರು ಬರುತ್ತದೆ, ಇಬ್ಬರು ತಮ್ಮಂದಿರು ಬರುತ್ತಾರೆ, ಒಂದು ಸಂದೇಹವೂ ಬರುತ್ತದೆ. 'ಹ್ಯಾವಿಂಗ್' ಮಾತ್ರ ಅಲ್ಲೇ ಇರುತ್ತದೆ. ಕೇಳುವವರು ಮೊದಲು ಹೆಚ್ಚಾಗಿ ಮೈಸೂರು, ಹಾಸನ, ಕಲಬುರಗಿ ಕಡೆಯವರು. ಈಚೆಗೆ ನಾನಿರುವ ಕೋಲ್ಕತ್ತಕ್ಕೇ ಕೆಲಸಕ್ಕೆ ಬಂದು, ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್ ಕಚೇರಿಗಳಲ್ಲಿ ಕೂತ ಹುಡುಗ ಹುಡುಗಿಯರೂ ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿದ್ದಾಗ ಇಂಗ್ಲಿಷ್ ಮಾತು ತಡವರಿಸಿದರೆ ಕನ್ನಡ ಕೈಹಿಡಿಯುತ್ತಿತ್ತು. ಇಲ್ಲಿ ಅವರಿಗೆ ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ, ಉಳಿದದ್ದು ಇಂಗ್ಲಿಷೊಂದೇ. ಹಾಗಾಗಿ ಇವರಿಗೆ ಇದು ವ್ಯಾಕರಣ ಪುಸ್ತಕದ ಪ್ರಶ್ನೆಯಲ್ಲ, ದಿನದ ಬದುಕಿನದು.

ಎಷ್ಟರ ಮಟ್ಟಿಗೆ ದಿನದ ಬದುಕು ಎಂದರೆ, ಅನ್ನದ ತಟ್ಟೆಯವರೆಗೂ. ಹಾಸನದ ಕಡೆಯ ಹುಡುಗನೊಬ್ಬ ಕಸ್ಬಾದಲ್ಲಿ ಪೇಯಿಂಗ್ ಗೆಸ್ಟ್ ಆಗಿ ಸೇರಿದ. ಶುದ್ಧ ಸಸ್ಯಾಹಾರಿ. ಮೊದಲ ಭಾನುವಾರ ಮನೆಯೊಡತಿ ಊಟಕ್ಕೆ ಕರೆದಾಗ ಬಹಳ ವಿನಯದಿಂದ, 'ಮಾಶಿಮಾ, ಐ ಆಮ್ ನಾಟ್ ಈಟಿಂಗ್ ಫಿಶ್' ಅಂದ. ಆಕೆ ಕಾಲೇಜು ಓದಿದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಕೇಳಿ ಕಳವಳಪಟ್ಟು ಹುಡುಗನಿಗೆ ಹೊಟ್ಟೆ ಸರಿಯಿಲ್ಲವೇನೋ ಎಂದು ವಿಚಾರಿಸಿದರು, ಮೆತ್ತಗೆ ಬೇಯಿಸಿದ ಅನ್ನ ಮೊಸರು ಬಡಿಸಿದರು. ಮುಂದಿನ ಭಾನುವಾರ ತಟ್ಟೆಯಲ್ಲಿ ಸಾಸಿವೆ ಅರೆದು ಹಾಕಿ ಮಾಡಿದ ಇಲಿಶ್ ಮೀನು ಕಾದಿತ್ತು! ಆಕೆಯದು ಏನೇನೂ ತಪ್ಪಿಲ್ಲ. 'ನಾಟ್ ಈಟಿಂಗ್' ಅಂದರೆ ಈಗ, ಸದ್ಯಕ್ಕೆ, ಇವತ್ತು ತಿನ್ನುತ್ತಿಲ್ಲ ಎಂದು. ಹುಡುಗ ಹೇಳಬೇಕಾದದ್ದು 'ಐ ಡೋಂಟ್ ಈಟ್ ಫಿಶ್'. ಮಾಶಿಮಾ ಅವರ ಬಂಗಾಳಿಯಲ್ಲಿ 'ಆಮಿ ಮಾಛ್ ಖಾಇ ನಾ' ಅಂದರೆ ನಾನು ಮೀನು ತಿನ್ನುವವನಲ್ಲ. 'ಖಾಚ್ಛಿ ನಾ' ಅಂದರೆ ಈಗ ತಿನ್ನುತ್ತಿಲ್ಲ. ನಮ್ಮ ಕನ್ನಡದಲ್ಲೂ 'ತಿನ್ನಲ್ಲ' ಬೇರೆ, 'ತಿನ್ತಾ ಇಲ್ಲ' ಬೇರೆ. ಈ ಎರಡನ್ನು ಆ ಹುಡುಗ ಕನ್ನಡದಲ್ಲಿ ಒಂದು ದಿನವೂ ಅದಲುಬದಲು ಮಾಡಿದವನಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ಯಾಕೆ ಎಡವಿದ?

ಒಂದು ಕಾರಣ ಸುಲಭ. 'ಸಿಂಪಲ್' ಎಂಬ ಹೆಸರು ಹೊತ್ತಿರುವ ರೂಪ ನಿಜವಾಗಿ ಕಷ್ಟದ್ದು. 'ಕಂಟಿನ್ಯುಯಸ್' ಎಂಬ ಉದ್ದ ಹೆಸರಿನದೇ ಸಲೀಸು. ಸಿಂಪಲ್‌ನಲ್ಲಿ ಹೀ, ಶೀ ಬಂದರೆ ಕ್ರಿಯಾಪದದ ಬಾಲಕ್ಕೆ 'ಎಸ್' ಅಂಟಿಸಬೇಕು. ಪ್ರಶ್ನೆ ಕೇಳುವಾಗ ಎಲ್ಲಿಂದಲೋ 'ಡೂ' ಅಥವಾ 'ಡಸ್' ಬರಬೇಕು, 'ಡಸ್' ಬಂದ ಕೂಡಲೇ ಆ 'ಎಸ್' ಹೋಗಬೇಕು. ಇಲ್ಲ ಅನ್ನುವಾಗಲೂ ಅದೇ ಪಾಡು. ಭೂತಕಾಲಕ್ಕೆ ಹೋದರೆ ಗೋ ಎಂಬುದು ವೆಂಟ್, ಈಟ್ ಎಂಬುದು ಏಟ್, ಪ್ರತಿಯೊಂದನ್ನೂ ಬಾಯಿಪಾಠ ಮಾಡಬೇಕು. ಕಂಟಿನ್ಯುಯಸ್‌ನಲ್ಲಿ ಈ ಯಾವ ರಗಳೆಯೂ ಇಲ್ಲ. ಆಮ್, ಈಸ್, ಆರ್, ವಾಸ್, ವರ್. ಹಿಂದೆ ಒಂದು 'ಇಂಗ್'. ಪ್ರಶ್ನೆಗೆ ಪದವನ್ನು ಹಿಂದುಮುಂದು ಮಾಡಿದರೆ ಸಾಕು, ಇಲ್ಲ ಅನ್ನಲು 'ನಾಟ್' ಸೇರಿಸಿದರೆ ಸಾಕು. ಹೊಸ ಭಾಷೆಯಲ್ಲಿ ಮಾತಾಡುವಾಗ ನಾಲಿಗೆ ತಡೆಯಿಲ್ಲದ ದಾರಿ ಹುಡುಕುವುದು ಸಹಜ. 'ವೇರ್ ಡಸ್ ಹೀ ವರ್ಕ್' ಎನ್ನುವುದಕ್ಕಿಂತ 'ವೇರ್ ಈಸ್ ಹೀ ವರ್ಕಿಂಗ್' ಬೇಗ ಬಾಯಿಗೆ ಬರುತ್ತದೆ.

ಇನ್ನೊಂದು ಕಾರಣ ನಾವು ಕಲಿಸುವ ರೀತಿಯಲ್ಲಿದೆ. ಕಾಲೇಜ್ ಸ್ಟ್ರೀಟಿನ ಪಾದಚಾರಿ ಹಾದಿಯ ಪುಸ್ತಕದಂಗಡಿಗಳಲ್ಲಿ ವ್ಯಾಕರಣ ಪುಸ್ತಕಗಳ ಅಟ್ಟಿಗಳಿರುತ್ತವೆ. ನಮ್ಮ ಕಡೆ ರೆನ್ ಅಂಡ್ ಮಾರ್ಟಿನ್ ಹೇಗೋ ಇಲ್ಲಿ ಪಿ.ಕೆ. ಡೇ ಸರ್ಕಾರ್ ಹಾಗೆ, ತಲೆಮಾರುಗಳು ಓದಿವೆ. ಆ ದೊಡ್ಡ ಪುಸ್ತಕಗಳು ವಿವರಣೆ, ಉದಾಹರಣೆ ಎಲ್ಲ ಕೊಡುತ್ತವೆ. ಆದರೆ ತರಗತಿಗೆ ಇಳಿಯುವ ಹೊತ್ತಿಗೆ ಉಳಿಯುವುದು ಹನ್ನೆರಡು ಮನೆಗಳ ಒಂದು ಕೋಷ್ಟಕ. ಮೇಲೆ ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಪಕ್ಕದಲ್ಲಿ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಮಗು ಹನ್ನೆರಡೂ ಮನೆ ತುಂಬಿಸುತ್ತದೆ, ಅಂಕ ಬರುತ್ತದೆ. ಯಾವ ಮನೆಯನ್ನು ಯಾವಾಗ ಹೊಗಬೇಕು ಎಂಬುದು ಆ ಕೋಷ್ಟಕದಲ್ಲಿಲ್ಲ. ಅದಕ್ಕಿಂತ ಕೆಟ್ಟದ್ದು, ಇವೆಲ್ಲ ಕಾಲದ ವಿಷಯ ಎಂಬ ನಂಬಿಕೆ ಮಗುವಿನ ತಲೆಯಲ್ಲಿ ಕೂರುತ್ತದೆ. ಪ್ರೆಸೆಂಟ್ ಅಂದರೆ ವರ್ತಮಾನ, ವರ್ತಮಾನ ಅಂದರೆ ಈಗ. ಹಾಗಿದ್ದರೆ 'ಐ ಈಟ್ ರೈಸ್' ಅನ್ನುವಾಗ ಈಗ ತಿನ್ನುತ್ತಿದ್ದೇನೆಯೇ? ಇಲ್ಲವಲ್ಲ. ಗೊಂದಲ ಅಲ್ಲಿಂದ ಶುರು.

ಸಿಂಪಲ್‌ಗೂ ಕಂಟಿನ್ಯುಯಸ್‌ಗೂ ಇರುವ ವ್ಯತ್ಯಾಸ ಕಾಲದ್ದಲ್ಲ. ಎರಡೂ ಒಂದೇ ಕಾಲದವೇ ಆಗಿರಬಹುದು. ವ್ಯತ್ಯಾಸ ಇರುವುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರಲ್ಲಿ. ಇದನ್ನು ಹೇಳಲು ಕೋಲ್ಕತ್ತದಲ್ಲಿ ಈಡನ್ ಗಾರ್ಡನ್ಸ್‌ಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. 2001ರ ಮಾರ್ಚ್ 14. ಆಸ್ಟ್ರೇಲಿಯಾ ವಿರುದ್ಧದ ಟೆಸ್ಟಿನ ನಾಲ್ಕನೇ ದಿನ. ಫಾಲೋ ಆನ್ ಆಗಿ ಸೋಲಿನ ಅಂಚಿನಲ್ಲಿದ್ದ ತಂಡದ ಪರವಾಗಿ ನಮ್ಮ ದ್ರಾವಿಡ್ 7 ರನ್‌ನಿಂದ, ಲಕ್ಷ್ಮಣ್ 109ರಿಂದ ಆ ಬೆಳಿಗ್ಗೆ ಆಟ ಮುಂದುವರಿಸಿದರು. ಇಡೀ ದಿನ ಒಂದು ವಿಕೆಟ್ ಬೀಳಲಿಲ್ಲ. ಸಂಜೆ ಆಟ ನಿಂತಾಗ ಲಕ್ಷ್ಮಣ್ 275, ದ್ರಾವಿಡ್ 155. ಆ ಸಂಜೆಯ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ 'ದ್ರಾವಿಡ್ ವಾಸ್ ಬ್ಯಾಟಿಂಗ್ ಆನ್ 155'. ಕಂಟಿನ್ಯುಯಸ್. ಯಾಕೆಂದರೆ ಇನಿಂಗ್ಸ್ ಇನ್ನೂ ನಡುವೆ ಇದೆ. ಇದರ ಹಿಂದೆಯೂ ಆಟವಿದೆ, ಮುಂದೆಯೂ ಇದೆ, ನಾವು ಒಳಗೆ ನಿಂತು ನೋಡುತ್ತಿದ್ದೇವೆ. ಮರುದಿನ ಅವರು ರನ್ ಔಟ್ ಆದರು. ಆಗ ವಾಕ್ಯ 'ದ್ರಾವಿಡ್ ಮೇಡ್ 180' ಆಯಿತು. ಸಿಂಪಲ್. ಈಗ ನಾವು ಹೊರಗೆ ಬಂದು ಇಡೀ ಇನಿಂಗ್ಸನ್ನು ಒಂದೇ ಸಲಕ್ಕೆ ನೋಡುತ್ತಿದ್ದೇವೆ. ಅದೇ ಬ್ಯಾಟು, ಅದೇ ಮನುಷ್ಯ, ಎರಡು ವಾಕ್ಯಗಳೂ ಭೂತಕಾಲದವು. ಬದಲಾದದ್ದು ನಾವು ನಿಂತ ಜಾಗ. 'ದ್ರಾವಿಡ್ ವಾಸ್ ಮೇಕಿಂಗ್ 180' ಎಂದು ಯಾರಾದರೂ ಬರೆದರೆ ಓದುವವರು ಕೇಳುತ್ತಾರೆ, ಹಾಗಾದರೆ 180 ಮುಟ್ಟಿದರೋ ಇಲ್ಲವೋ?

ನಾನು ಕಲಿಸುವ ಮಕ್ಕಳ ರೆಸ್ಯೂಮೆಗಳಲ್ಲಿ ಕಾಣುವುದೂ ಇದೇ ತಪ್ಪು. 'ಐ ವಾಸ್ ಹ್ಯಾಂಡ್ಲಿಂಗ್ ಪೇರೋಲ್', 'ಐ ವಾಸ್ ಡೆವಲಪಿಂಗ್ ಆ್ಯನ್ ಆ್ಯಪ್'. ಕಷ್ಟಪಟ್ಟು ಮುಗಿಸಿದ ಕೆಲಸವನ್ನು ಮಕ್ಕಳು ತಾವೇ ಅರ್ಧಕ್ಕೆ ನಿಲ್ಲಿಸಿ ತೋರಿಸುತ್ತಾರೆ. ಸಂದರ್ಶನ ಮಾಡುವವರಿಗೆ ಆ್ಯಪ್ ತಯಾರಾಯಿತೇ, ಇವರು ನಡುವೆ ಬಿಟ್ಟು ಬಂದರೇ ಎಂಬ ಅನುಮಾನ. 'ಹ್ಯಾಂಡಲ್ಡ್', 'ಡೆವಲಪ್ಡ್' ಎಂದು ಬರೆಯಿರಿ. ಮಾಡಿದ ಕೆಲಸ ಪೂರ್ತಿ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಇದನ್ನು ನಾನು ಪ್ರತಿ ಬ್ಯಾಚಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನಷ್ಟವಾಗುವುದು ವ್ಯಾಕರಣಕ್ಕಲ್ಲ, ಮಕ್ಕಳಿಗೆ.

ಈಡನ್‌ನಲ್ಲೇ ಇನ್ನೊಂದು ಸಂಜೆ ನೆನೆಯೋಣ. 1993ರ ನವೆಂಬರ್ 27, ಹೀರೋ ಕಪ್ ಫೈನಲ್, ಅನಿಲ್ ಕುಂಬ್ಳೆ ವೆಸ್ಟ್ ಇಂಡೀಸ್ ವಿರುದ್ಧ 12 ರನ್ನಿಗೆ 6 ವಿಕೆಟ್ ಕಿತ್ತ ರಾತ್ರಿ. ಅಂಥ ಆಟದ ವೀಕ್ಷಕ ವಿವರಣೆಯನ್ನು ಗಮನವಿಟ್ಟು ಕೇಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬೌಲರ್ ಚೆಂಡು ಎಸೆಯುವುದು, ಬ್ಯಾಟ್ಸ್‌ಮನ್ ಹೊಡೆಯಲು ತಪ್ಪುವುದು, ಚೆಂಡು ಸ್ಟಂಪಿಗೆ ಬಡಿಯುವುದು ಎಲ್ಲ ಸಿಂಪಲ್‌ನಲ್ಲಿ: ಬೌಲ್ಸ್, ಮಿಸಸ್, ಹಿಟ್ಸ್. ಕಣ್ಣೆದುರಿಗೇ, ಈಗಲೇ ನಡೆಯುವ ಕೆಲಸಕ್ಕೂ 'ಇಂಗ್' ಇಲ್ಲ. ಏಕೆಂದರೆ ಹೇಳಿ ಮುಗಿಸುವಷ್ಟರಲ್ಲಿ ಅದು ಆಗಿಹೋಗಿರುತ್ತದೆ, ಒಳಹೊಕ್ಕು ನಿಲ್ಲಲು ನಡುವೇ ಇಲ್ಲ. ಪ್ರೇಕ್ಷಕರು ಕೂಗುವುದು, ಇಬ್ಬನಿ ಬೀಳುವುದು, ಫೀಲ್ಡರ್ ಕುಂಟುವುದು ಮಾತ್ರ ಕಂಟಿನ್ಯುಯಸ್: ದಿ ಕ್ರೌಡ್ ಈಸ್ ರೋರಿಂಗ್. 'ಈಗ ನಡೆಯುವುದಕ್ಕೆಲ್ಲ ಇಂಗ್' ಎಂಬ ಶಾಲೆಯ ನಿಯಮ ಇಲ್ಲಿ ಕುಸಿಯುತ್ತದೆ.

ಇನ್ನು ಮೊದಲ ಪ್ರಶ್ನೆಗೆ, ಜ್ವರಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ನೋ, ವಾಂಟ್, ಲೈಕ್, ಓನ್, ಬಿಲಾಂಗ್, ಬಿಲೀವ್, ಇದೆ ಎಂಬರ್ಥದ ಹ್ಯಾವ್, ಇವಕ್ಕೆ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. ಪುಸ್ತಕಗಳಲ್ಲಿ ಇದೊಂದು ಉದ್ದನೆಯ ಪಟ್ಟಿ. ಪಟ್ಟಿ ಉರುಹೊಡೆಯಬೇಡಿ. ಕನ್ನಡವನ್ನು ಕೇಳಿ. ನೋ ಅಂದರೆ ಗೊತ್ತು. ವಾಂಟ್ ಅಂದರೆ ಬೇಕು. ಲೈಕ್ ಅಂದರೆ ಇಷ್ಟ. ಹ್ಯಾವ್ ಅಂದರೆ ಇದೆ, ಉಂಟು. 'ಗೊತ್ತು' ಎಂಬುದಕ್ಕೆ 'ತ್ತಿದೆ' ಹಚ್ಚಿ ನೋಡಿ. 'ಬೇಕು' ಎಂಬುದಕ್ಕೆ ಹಚ್ಚಿ ನೋಡಿ. ಬಾಯಿ ಒಪ್ಪುವುದೇ ಇಲ್ಲ. ಇವು ನಡೆಯುವ ಕೆಲಸಗಳಲ್ಲ, ಇರುವ ಸ್ಥಿತಿಗಳು ಎಂದು ಕನ್ನಡ ಯಾವ ಕಾಲಕ್ಕೋ ತೀರ್ಮಾನಿಸಿ, ಅವಕ್ಕೆ 'ತ್ತಿ' ರೂಪವನ್ನೇ ಕೊಡದೆ ಬಿಟ್ಟಿದೆ. ನೀವು ಇಂಗ್ಲಿಷಿನ ನಿಯಮ ಎಂದು ಹೆದರುತ್ತಿರುವುದು ನಿಮ್ಮ ತಾಯ್ನುಡಿಯ ಒಳಗೆ ಆಗಲೇ ಇದೆ. ಜ್ವರ ಇದೆ, ಆದ್ದರಿಂದ ಐ ಹ್ಯಾವ್ ಎ ಫೀವರ್. ತಮ್ಮಂದಿರು ಇದ್ದಾರೆ, ಐ ಹ್ಯಾವ್ ಟೂ ಬ್ರದರ್ಸ್. ಊಟ ಮಾತ್ರ ಇರುವುದಲ್ಲ, ಮಾಡುವುದು. ಅದಕ್ಕೇ ಐ ಆಮ್ ಹ್ಯಾವಿಂಗ್ ಲಂಚ್ ಸರಿ.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಅರ್ಥವಾಗುತ್ತಿಲ್ಲ, ನೆನಪಾಗುತ್ತಿಲ್ಲ, ಕೇಳಿಸುತ್ತಿಲ್ಲ, ಕಾಣಿಸುತ್ತಿಲ್ಲ: ಇವುಗಳಲ್ಲಿ ಕನ್ನಡ ಧಾರಾಳವಾಗಿ 'ತ್ತಿ' ಹಚ್ಚುತ್ತದೆ. ಫೋನಿನಲ್ಲಿ ನಾವು 'ಐ ಆಮ್ ನಾಟ್ ಹಿಯರಿಂಗ್ ಯು' ಅನ್ನುವುದು ಇಲ್ಲಿಂದ. ಬಂಗಾಳಿಯೂ ನಮ್ಮ ಜೊತೆಗೇ ಇದೆ. ಟ್ರಾಮಿನಲ್ಲಿ, ಮೆಟ್ರೋದಲ್ಲಿ ಫೋನು ಕಿವಿಗೊತ್ತಿಕೊಂಡವರು 'ಶುನ್ತೆ ಪಾಚ್ಛಿ ನಾ' ಎಂದು ಕೂಗುತ್ತಿರುತ್ತಾರೆ, ಅದೂ ಕಂಟಿನ್ಯುಯಸ್ಸೇ. ಇಂಗ್ಲಿಷ್ ಇಲ್ಲಿ 'ಕಾಂಟ್' ಬಳಸುತ್ತದೆ: ಐ ಕಾಂಟ್ ಹಿಯರ್ ಯು. ಅರ್ಥವಾಗದಿದ್ದರೆ ಐ ಡೋಂಟ್ ಅಂಡರ್‌ಸ್ಟ್ಯಾಂಡ್, ನೆನಪಾಗದಿದ್ದರೆ ಐ ಕಾಂಟ್ ರಿಮೆಂಬರ್. 'ಆಗು', 'ಇಸು' ಸೇರಿದ ಈ ನಾಲ್ಕೈದು ಮಾತನ್ನು ಮಾತ್ರ ಪ್ರತ್ಯೇಕವಾಗಿ ರೂಢಿ ಮಾಡಿಕೊಳ್ಳಬೇಕು.

ಬಂಗಾಳಿಯ ಮಾತು ಬಂತು. ಈ ಊರಿನಲ್ಲಿರುವ ಕನ್ನಡಿಗರಿಗೆ ನಾನು ಹೇಳುವುದೇನೆಂದರೆ, ಒಂದು ವಿಷಯದಲ್ಲಿ ನಿಮಗೆ ಇಂಗ್ಲಿಷ್ ಕಲಿಸುವ ಅತ್ಯುತ್ತಮ ಗುರು ಪಕ್ಕದ ಮನೆಯ ಬಂಗಾಳಿ. ಕನ್ನಡದಲ್ಲಿ 'ಚಿಕ್ಕಂದಿನಲ್ಲಿ ಕೆರೆಗೆ ಹೋಗುತ್ತಿದ್ದೆ' ಅನ್ನುತ್ತೇವೆ, 'ನೀನು ಕರೆದಾಗ ಕೆರೆಗೆ ಹೋಗುತ್ತಿದ್ದೆ' ಎಂದೂ ಅನ್ನುತ್ತೇವೆ. ಮೊದಲನೆಯದು ವಾಡಿಕೆ, ಎರಡನೆಯದು ದಾರಿಯ ನಡುವೆ ಇದ್ದದ್ದು; ಕ್ರಿಯಾಪದ ಒಂದೇ. ಆ ರೂಢಿಯಲ್ಲೇ ನಾವು ಇಂಗ್ಲಿಷಿನಲ್ಲೂ 'ಇನ್ ಚೈಲ್ಡ್‌ಹುಡ್ ಐ ವಾಸ್ ಗೋಯಿಂಗ್ ಟು ದಿ ಲೇಕ್' ಎಂದುಬಿಡುತ್ತೇವೆ. ಬಂಗಾಳಿ ಇವೆರಡನ್ನೂ ಬೇರೆ ಇಟ್ಟಿದೆ. ವಾಡಿಕೆಯಾದರೆ 'ಜೇತಾಮ್', ನಡುದಾರಿಯಾದರೆ 'ಜಾಚ್ಛಿಲಾಮ್'. ಇಂಗ್ಲಿಷಿನದೂ ಸರಿಸುಮಾರು ಅದೇ ಗೆರೆ: ವೆಂಟ್ ಅಥವಾ ಯೂಸ್ಡ್ ಟು ಗೋ ಒಂದು ಕಡೆ, ವಾಸ್ ಗೋಯಿಂಗ್ ಇನ್ನೊಂದು ಕಡೆ. ವಯಸ್ಸಾದ ಬಂಗಾಳಿಗಳು ಹಳೆಯ ಕಲ್ಕತ್ತದ ಕತೆ ಹೇಳಲು ಕೂತರೆ 'ಜೇತಾಮ್', 'ಖೇತಾಮ್', 'ದೇಖ್ತಾಮ್' ಎಂದು ಮಾತು ಹರಿಯುತ್ತದೆ. ಅದನ್ನು ಕೇಳುತ್ತ ಕೂತರೆ, ವಾಡಿಕೆಗೆ 'ಇಂಗ್' ಯಾಕೆ ಬೇಡ ಎಂಬುದು ಕಿವಿಗೇ ತಿಳಿಯುತ್ತದೆ.

ವರ್ತಮಾನದಲ್ಲೂ ಕನ್ನಡದ್ದು ಹೀಗೆಯೇ, ಒಂದೇ ರೂಪಕ್ಕೆ ಎರಡು ಕೆಲಸ. 'ಬರುತ್ತೇನೆ' ಎಂಬ ನಮ್ಮ ಒಂದೇ ಮಾತು ದಿನಾ ಬರುವುದಕ್ಕೂ ಆಗುತ್ತದೆ, ನಾಳೆ ಬರುವುದಕ್ಕೂ ಆಗುತ್ತದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡದ ಕಾಲವ್ಯವಸ್ಥೆಯನ್ನು ಭೂತ ಮತ್ತು ಭೂತವಲ್ಲದ್ದು ಎಂದು ಎರಡಾಗಿ ನೋಡಬೇಕೆಂದು ವಾದಿಸಿದ್ದು ಇಂಥ ಕಾರಣಕ್ಕೇ. ಜಗತ್ತಿನ ಕೆಲವು ಭಾಷೆಗಳಿಗೆ ಕಾಲವೇ ಮುಖ್ಯ, ಕೆಲವಕ್ಕೆ ಕೆಲಸ ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದೇ ಮುಖ್ಯ ಎಂದು ಅವರು 1999ರಲ್ಲಿ ಒಂದು ಇಡೀ ಇಂಗ್ಲಿಷ್ ಪುಸ್ತಕ ಬರೆದರು. ವ್ಯಾಕರಣದಲ್ಲಿ ಆಸಕ್ತಿಯಿರುವ ಮೇಷ್ಟ್ರುಗಳು ಅದನ್ನು ಓದಿದರೆ ತರಗತಿಯ ಅರ್ಧ ಗೊಂದಲ ಕಳೆಯುತ್ತದೆ ಎಂಬುದು ನನ್ನ ನಂಬಿಕೆ.

ಭಾಷೆಯನ್ನು ಭಾಷೆಯ ಪಕ್ಕ ಇಟ್ಟು ಕಲಿಯುವುದು ಈ ಊರಿಗೆ ಹೊಸದೇನಲ್ಲ. ಹೂಗ್ಲಿ ನದಿಯ ಆಚೆ ದಡದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಎಂಬ ಪಾದ್ರಿ 1801ರಲ್ಲಿ ಬಂಗಾಳಿ, 1805ರಲ್ಲಿ ಮರಾಠಿ, 1814ರಲ್ಲಿ ತೆಲುಗು, 1817ರಲ್ಲಿ ಕನ್ನಡದ ವ್ಯಾಕರಣ ಅಚ್ಚು ಹಾಕಿದ. ಕನ್ನಡ ನಾಡಿನಿಂದ ಇಷ್ಟು ದೂರದಲ್ಲಿ, ಕನ್ನಡದ ಅಚ್ಚುಮೊಳೆಗಳೊಂದಿಗೆ! ಅದೇ 1817ರ ಜನವರಿಯಲ್ಲಿ ಈಚೆ ದಡದಲ್ಲಿ ಹಿಂದೂ ಕಾಲೇಜು ಬಾಗಿಲು ತೆರೆದು ಬಂಗಾಳಿ ಹುಡುಗರು ಕ್ರಮವಾಗಿ ಇಂಗ್ಲಿಷ್ ಓದತೊಡಗಿದರು. ಒಂದೇ ವರ್ಷ, ಒಂದೇ ನದಿ. ಒಂದು ದಡದಲ್ಲಿ ಇಂಗ್ಲಿಷಿನವನು ನಮ್ಮ 'ತ್ತೇನೆ', 'ತ್ತಿದ್ದೇನೆ'ಗಳನ್ನು ತನ್ನವರಿಗೆ ಬಿಡಿಸಿ ಹೇಳುತ್ತಿದ್ದರೆ, ಇನ್ನೊಂದು ದಡದಲ್ಲಿ ನಮ್ಮವರು ಅವನ 'ಇಂಗ್' ಕಲಿಯುತ್ತಿದ್ದರು. ಕೇರಿ ಕನ್ನಡವನ್ನು ವಿವರಿಸಿದ್ದು ತನ್ನ ಇಂಗ್ಲಿಷಿನ ಮೂಲಕ. ನಮ್ಮ ಮಕ್ಕಳಿಗೆ ಇಂಗ್ಲಿಷನ್ನು ಅವರ ಕನ್ನಡದ ಮೂಲಕ ವಿವರಿಸಲು ನಾವೇಕೆ ಹಿಂಜರಿಯಬೇಕು? ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳ ಬಗ್ಗೆ ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಪಶ್ಚಿಮ ಬಂಗಾಳದಲ್ಲಿ 1980ರ ದಶಕದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಇಂಗ್ಲಿಷನ್ನು ತೆಗೆದರು, ಮುಂದೆ ಮತ್ತೆ ತಂದರು. ನಮ್ಮಲ್ಲಿ ಶಾಲೆಯ ಭಾಷೆಗಳ ಕುರಿತ ಗೋಕಾಕ್ ವರದಿಯ ಕಾಲದಿಂದ ಚರ್ಚೆ ನಿಂತಿಲ್ಲ. ಎರಡೂ ಕಡೆ ಜಗಳವೆಲ್ಲ ಯಾವ ತರಗತಿಯಿಂದ ಎಂಬುದರ ಮೇಲೆ. ಹೇಗೆ ಎಂಬುದಕ್ಕೆ ಅದರ ಕಾಲುಭಾಗ ಕಾಳಜಿ ಸಿಕ್ಕಿದ್ದರೂ ಚೆನ್ನಾಗಿತ್ತು.

'ಇಂಗ್' ಹೆಚ್ಚಾಗಿ ಬಳಸುವವರನ್ನು ನೋಡಿ ನಗುವುದು ನನಗೆ ಇಷ್ಟವಿಲ್ಲ. ನಿಸ್ಸಿಮ್ ಎಜೆಕಿಯಲ್ ಅವರ ಕವನಗಳಲ್ಲಿ ಈ ಭಾರತೀಯ 'ಇಂಗ್' ಸಾಲುಸಾಲಾಗಿ ಬರುತ್ತದೆ. ಎಷ್ಟೋ ತರಗತಿಗಳಲ್ಲಿ ಅವುಗಳನ್ನು ನಗಲಿಕ್ಕೆಂದೇ ಓದಿಸುತ್ತಾರೆ. ಬ್ರಜ್ ಕಾಚ್ರು ಅವರಂಥ ವಿದ್ವಾಂಸರು ಭಾರತದ ಇಂಗ್ಲಿಷಿಗೆ ತನ್ನದೇ ಆದ ಸ್ವರೂಪವಿದೆ ಎಂದು ತೋರಿಸಿಕೊಟ್ಟಿದ್ದಾರೆ. ಇಂಗ್ಲಿಷಿನ 'ಇಂಗ್' ತವರಲ್ಲೂ ಒಂದೇ ಕಡೆ ನಿಂತಿಲ್ಲ. ಷೇಕ್ಸ್‌ಪಿಯರನ ನಾಟಕದಲ್ಲಿ ಹ್ಯಾಮ್ಲೆಟ್ ಪುಸ್ತಕ ಹಿಡಿದು ಬರುವಾಗ ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುತ್ತಾನೆ. ಇಂದಾದರೆ ಕಂಟಿನ್ಯುಯಸ್ ಬರಬೇಕಾದ ಕಡೆ ಅವನು ಬಳಸುವುದು ಸಿಂಪಲ್. 2003ರಲ್ಲಿ ಮೆಕ್‌ಡೊನಾಲ್ಡ್ಸ್ ಲವ್ ಎಂಬ ಕ್ರಿಯಾಪದಕ್ಕೆ 'ಇಂಗ್' ಹಚ್ಚಿ ಘೋಷವಾಕ್ಯ ಮಾಡಿತು, ಜಗತ್ತೆಲ್ಲ ಅದನ್ನು ಹೇಳಿತು. ನಮ್ಮ ಮಕ್ಕಳು ಈ ರೂಪವನ್ನು ಬಳಸಬಾರದೆಂದಲ್ಲ. ಯಾವುದನ್ನು ಬಳಸಿದರೆ ಕೇಳುವವರಿಗೆ ಏನು ತಲುಪುತ್ತದೆ ಎಂಬುದು ಅವರಿಗೆ ತಿಳಿದಿರಲಿ ಎಂದು ನನ್ನ ಆಸೆ. ಇಲ್ಲದಿದ್ದರೆ ತಟ್ಟೆಗೆ ಮೀನು ಬರುತ್ತದೆ.

ಕೊನೆಗೆ ಈ ವಾರದ ಒಂದು ಪತ್ರಕ್ಕೆ ಉತ್ತರ. ಧಾರವಾಡದ ತಾಯಿಯೊಬ್ಬರು ಕೇಳಿದ್ದಾರೆ: 'ಮೈ ಸನ್ ಈಸ್ ವರ್ಕಿಂಗ್ ಇನ್ ಕೋಲ್ಕತ್ತ' ಅನ್ನಬೇಕೋ, 'ಮೈ ಸನ್ ವರ್ಕ್ಸ್ ಇನ್ ಕೋಲ್ಕತ್ತ' ಅನ್ನಬೇಕೋ? ಅಮ್ಮಾ, ವ್ಯಾಕರಣದ ಪ್ರಕಾರ ಎರಡೂ ಸರಿ. ವರ್ಷ ಎರಡು ವರ್ಷದ ಪ್ರಾಜೆಕ್ಟ್ ಮುಗಿಸಿ ಮಗ ಊರಿಗೆ ಮರಳುವವನಾದರೆ ಈಸ್ ವರ್ಕಿಂಗ್ ಅನ್ನಿ. ಬೇಹಾಲಾದಲ್ಲೋ ಗಡಿಯಾದಲ್ಲೋ ಮನೆ ಕೊಂಡು, ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಎಲೆ, ಕಾಫಿಪುಡಿ ಎಲ್ಲಿ ಸಿಗುತ್ತದೆಂದು ಗುರುತುಮಾಡಿಕೊಂಡು ಇಲ್ಲೇ ನೆಲೆ ನಿಂತವನಾದರೆ ವರ್ಕ್ಸ್ ಅನ್ನಿ. ಇನ್ನೂ ತೀರ್ಮಾನವಾಗಿಲ್ಲ ಎಂದಾದರೆ ಈಸ್ ವರ್ಕಿಂಗ್ ಎಂದೇ ಇರಲಿ. ಹಾಂ, ಅವನು ಬಂದು ಮೂರು ವರ್ಷವಾಯಿತು ಎಂದು ಸೇರಿಸಬೇಕಾದರೆ ಇವೆರಡೂ ನಡೆಯುವುದಿಲ್ಲ. 'ಹ್ಯಾಸ್ ಬೀನ್ ವರ್ಕಿಂಗ್ ಇನ್ ಕೋಲ್ಕತ್ತ ಫಾರ್ ಥ್ರೀ ಇಯರ್ಸ್' ಅನ್ನಬೇಕು. ಅದು ಕೋಷ್ಟಕದ ಬೇರೆ ಮನೆ, ಅದರ ವಿಚಾರ ಮುಂದಿನ ವಾರ.